ನೈರೋಬಿಯಲ್ಲಿ ಹೆಣ್ಣುಮಕ್ಕಳ ಪತ್ರಿಕೆ: ಉತ್ತರ ಬರೆಯುವವರು ಯಾರು?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಮನೆಯವರ ಕೆಲಸದ ಕಾರಣ ಒಂಬತ್ತು ವರ್ಷದಿಂದ ಕೀನ್ಯಾದ ನೈರೋಬಿಯಲ್ಲಿದ್ದೇನೆ. ಮದುವೆಗೆ ಮುಂಚೆ ಪತ್ರಿಕೆಯೊಂದರ ಜಾಹೀರಾತು ವಿಭಾಗದಲ್ಲಿದ್ದೆ. ಇಲ್ಲಿನ ಗೆಳತಿಯೊಬ್ಬರು ಒಳ್ಳೆಯ ಡಿಸೈನರ್, ಬರೆಯುತ್ತಾರೆ ಕೂಡ. ನಾವಿಬ್ಬರೂ ಸೇರಿ ಆಧುನಿಕ ಆಫ್ರಿಕನ್ ಮಹಿಳೆಯರಿಗಾಗಿ ಒಂದು ಲೈಫ್‌ಸ್ಟೈಲ್ ಪತ್ರಿಕೆ ಶುರು ಮಾಡಬೇಕು ಅಂತಿದ್ದೇವೆ. ಇಡೀ ಆಫ್ರಿಕಾಕ್ಕೆ ಒಂದೇ ಪತ್ರಿಕೆ ಮಾಡಬಹುದಾ? ಅಚ್ಚು ಹಾಕಿಸಬೇಕಾ, ಮೊಬೈಲಲ್ಲೇ ಸಾಕಾ? ಹಣ ಎಲ್ಲಿಂದ ಬರುತ್ತದೆ? ಹೊರಗಿನಿಂದ ಬಂದ ನಾನು ಇದಕ್ಕೆ ಕೈ ಹಾಕುವುದು ಸರಿಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಿಕ್ಕ ಮೂರಕ್ಕೂ ಉತ್ತರ ಅದರಲ್ಲೇ ಇದೆ.

1951ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 'ಡ್ರಮ್' ಎಂಬ ಪತ್ರಿಕೆ ಹುಟ್ಟಿತು. ಕಪ್ಪು ಜನರ ನಗರ ಜೀವನವನ್ನು ಅಷ್ಟು ಚೆನ್ನಾಗಿ ತೋರಿಸಿದ ಪತ್ರಿಕೆ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಅದರಲ್ಲಿ 'ಡಿಯರ್ ಡಾಲಿ' ಅಂತ ಒಂದು ಅಂಕಣ ಇತ್ತು. ಡಾಲಿ ರಾಥೆಬೆ ಆಗಿನ ದೊಡ್ಡ ಗಾಯಕಿ, ನಟಿ. ಪ್ರೀತಿ, ಮದುವೆ, ಮೋಸ, ಬಸಿರು ಅಂತ ಓದುಗರು ಮನಸ್ಸು ಬಿಚ್ಚಿ ಡಾಲಿಗೆ ಬರೆಯುತ್ತಿದ್ದರು. ಉತ್ತರ ಮಾತ್ರ ಬರೆಯುತ್ತಿದ್ದವರು ಕಚೇರಿಯ ಗಂಡಸರು. ಹೆಸರು ಮತ್ತು ಫೋಟೋ ಅಷ್ಟೇ ಡಾಲಿಯದು.

ಹೆಣ್ಣುಮಕ್ಕಳ ಪತ್ರಿಕೆ ಮಾಡಬೇಕು ಅಂತ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಮುಖಪುಟದಲ್ಲಿ ಯಾರ ಮುಖ ಇದೆ ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳಗೆ ಕೂತು ಉತ್ತರ ಬರೆಯುತ್ತಿರುವವರು ಯಾರು ಅನ್ನುವುದು ಕಾಣುವುದಿಲ್ಲ. ಆದರೆ ಓದುವವಳಿಗೆ ಅದು ನಾಲ್ಕನೇ ಸಂಚಿಕೆಯ ಹೊತ್ತಿಗೆ ಗೊತ್ತಾಗಿಬಿಡುತ್ತದೆ.

ಹಾಗಾಗಿ ನೀವು ಕೈ ಹಾಕಿ, ಖಂಡಿತ ಹಾಕಿ. ಆದರೆ ಸಂಪಾದಕಿಯ ಕುರ್ಚಿ ನಿಮ್ಮ ಗೆಳತಿಗೆ ಬಿಡಿ. ನೀವು ಪ್ರಕಾಶಕಿ ಆಗಿ. ಜಾಹೀರಾತು, ಅಚ್ಚು, ವಿತರಣೆ, ಲೆಕ್ಕ ನೋಡಿಕೊಳ್ಳಿ. ಇದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಪತ್ರಿಕೆಗಳು ಸಾಯುವುದು ಸಾಮಾನ್ಯವಾಗಿ ಈ ಕಡೆಯಿಂದಲೇ. ಯಾವ ಲೇಖನ ಹೋಗಬೇಕು, ಯಾವುದು ಬೇಡ ಎಂಬ ಕೊನೆಯ ಮಾತು ಮಾತ್ರ ಅವರದ್ದಾಗಿರಲಿ. ಇದನ್ನು ಸ್ನೇಹದ ಮೇಲೆ ಬಿಡದೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಪಾಲುದಾರಿಕೆಯಲ್ಲೂ ಅವರ ಪಾಲು ಅರ್ಧಕ್ಕಿಂತ ಕಡಿಮೆ ಆಗದಿರಲಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಒಂದು ಪತ್ರಿಕೆಯ ಪ್ರೊಡಕ್ಷನ್ ಕೆಲಸ ನನ್ನ ಕೈಗೆ ಬಂದಿತ್ತು. ಬರಹ, ಫೋಟೋ ಎಲ್ಲ ಅಲ್ಲಿಂದ ಬರುತ್ತಿತ್ತು. ಪುಟ ವಿನ್ಯಾಸ, ಫೋಟೋ ತಿದ್ದುವ ಕೆಲಸ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ. ಮುಖಪುಟಕ್ಕೆ ಒಬ್ಬ ಶುಶ್ರೂಷಕಿಯ ಫೋಟೋ ಇತ್ತು. ಕಪ್ಪು ಕಲ್ಲಿನ ಹಾಗೆ ಹೊಳೆಯುವ ಚಂದದ ಮೈಬಣ್ಣ. ಫೋಟೋ ತಿದ್ದಿದ ಹುಡುಗನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ಇಲ್ಲಿನ ಮದುವೆ ಆಲ್ಬಂಗಳಲ್ಲಿ ಪಳಗಿದವನು. ಕೈ ಅಭ್ಯಾಸದಂತೆ ಮುಖವನ್ನು ಎರಡು ಮೆಟ್ಟಿಲು ಬೆಳ್ಳಗೆ ಮಾಡಿಬಿಟ್ಟ. ನಾನೂ ಪ್ರೂಫ್ ನೋಡಿ ಸಹಿ ಹಾಕಿದೆ. ನನ್ನ ಕಣ್ಣಿಗೂ ಏನೂ ತಪ್ಪು ಕಾಣಲಿಲ್ಲ. ಪತ್ರಿಕೆ ಬಂದ ಮೇಲೆ ಆಕೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಇದು ನಾನಲ್ಲ." ಆ ದನಿ ನನಗೆ ಇನ್ನೂ ನೆನಪಿದೆ. ಅಲ್ಲಿನ ಒಬ್ಬ ಹೆಣ್ಣುಮಗಳು ಕೊನೆಯ ಪ್ರೂಫ್ ನೋಡಿದ್ದರೆ ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದಳು.

ಬಣ್ಣದ ವಿಷಯಕ್ಕೆ ಬಂದಿದ್ದೇನೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಪತ್ರಿಕೆಯ ಮರ್ಯಾದೆ ಇರುವುದು ಇಲ್ಲೇ.

ಫೋಟೋಗ್ರಫಿಯ ಸಲಕರಣೆಗಳೇ ಬಹಳ ಕಾಲ ಬಿಳಿ ಚರ್ಮವನ್ನು ಅಳತೆಗೋಲು ಮಾಡಿಕೊಂಡಿದ್ದವು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಒಂದು ಕಾರ್ಡ್ ಕೊಡುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಬಿಳಿ ಹೆಂಗಸಿನ ಚಿತ್ರ. ಅದಕ್ಕೆ 'ಶರ್ಲಿ ಕಾರ್ಡ್' ಅಂತ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಮುಖಗಳು ಮಸಿಯಂತೆ ಬಂದರೆ ಯಾರೂ ಕೇಳುತ್ತಿರಲಿಲ್ಲ. ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಿಸುವವರು ತಮ್ಮ ಜಾಹೀರಾತಿನಲ್ಲಿ ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುತ್ತಿಲ್ಲ ಅಂತ ದೂರು ಕೊಟ್ಟ ಮೇಲೆ ಫಿಲ್ಮ್ ಸುಧಾರಿಸಿತು. ಮನುಷ್ಯರ ಮುಖಕ್ಕಿಂತ ಮೊದಲು ಮೇಜು ಕುರ್ಚಿಯ ಮಾತಿಗೆ ಕಿವಿ ಸಿಕ್ಕಿತು ಅನ್ನುವುದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈಗ ಕ್ಯಾಮೆರಾ ಚೆನ್ನಾಗಿವೆ. ಆದರೆ ಅಚ್ಚಿನ ಮನೆಯಲ್ಲಿ ತೊಂದರೆ ಹಾಗೇ ಇದೆ. ಕಾಗದದ ಮೇಲೆ ಶಾಯಿಯ ಚುಕ್ಕೆ ಸ್ವಲ್ಪ ಹರಡುತ್ತದೆ. ನಡುವಿನ ಛಾಯೆಗಳು ಕಂಪ್ಯೂಟರ್ ಪರದೆಯಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತವೆ. ತಿಳಿ ಬಣ್ಣದ ಮುಖಕ್ಕೆ ಇದರಿಂದ ಅಷ್ಟು ನಷ್ಟ ಇಲ್ಲ. ಕಪ್ಪು ಮುಖದಲ್ಲಿ ಕೆನ್ನೆಯ ಏರು, ಕಣ್ಣ ಕೆಳಗಿನ ಗೆರೆ, ತುಟಿಯ ಅಂಚು ಎಲ್ಲ ಒಂದೇ ಮುದ್ದೆಯಾಗುತ್ತವೆ. ಇದಕ್ಕೆ ಮದ್ದು ಮುಖವನ್ನು ಬೆಳ್ಳಗೆ ಮಾಡುವುದಲ್ಲ. ಫೋಟೋ ತೆಗೆಯುವಾಗಲೇ ಪಕ್ಕದಿಂದ ದೊಡ್ಡ, ಮೆತ್ತನೆ ಬೆಳಕು ಕೊಟ್ಟು ಚರ್ಮದ ಹೊಳಪನ್ನು ಹಿಡಿಯಬೇಕು. ಕಪ್ಪು ಚರ್ಮ ತನ್ನ ಆಕಾರ ತೋರಿಸುವುದೇ ಆ ಹೊಳಪಿನಲ್ಲಿ. ಪೌಡರ್ ಬಳಿದು ಅದನ್ನು ಮುಚ್ಚಬಾರದು. ಆಮೇಲೆ ಫೈಲಿನಲ್ಲಿ ನೆರಳಿನ ಭಾಗವನ್ನಷ್ಟೇ ತುಸು ತೆರೆಯಬೇಕು. ನಾಲ್ಕು ಬಣ್ಣದ ಶಾಯಿಗಳ ಶೇಕಡಾ ಪ್ರಮಾಣ ಕೂಡಿಸಿದಾಗ ಬರುವ ಒಟ್ಟು ಶಾಯಿಯನ್ನು ಆರ್ಟ್ ಪೇಪರಿಗೆ (ನುಣುಪು ಕಾಗದಕ್ಕೆ) ಶೇ. 300ರ ಒಳಗೆ ಇಡಬೇಕು. ಮುಖಪುಟ ಅಚ್ಚಾಗುವ ದಿನ ನಿಮ್ಮ ಗೆಳತಿ ಮೆಷಿನ್ ಪಕ್ಕದಲ್ಲೇ ನಿಂತಿರಬೇಕು. ಬೇಕಿದ್ದರೆ ಫೋಟೋದಲ್ಲಿರುವವರನ್ನೇ ಕರೆದುಕೊಂಡು ಹೋಗಿ. ನಾನು ಆ ತಪ್ಪಿನ ನಂತರ ಎರಡು ಸಲ ಹಾಗೆ ಮಾಡಿದೆ. ಮೆಷಿನ್ ನಡೆಸುವವರಿಗೂ ಅದು ಇಷ್ಟವಾಯಿತು. ಕಣ್ಣೆದುರಿಗೆ ಮುಖ ಇದ್ದರೆ ಬಣ್ಣ ಹೊಂದಿಸುವುದು ಸುಲಭ ಅಲ್ವಾ?

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ನಿರ್ಧಾರ ಇದೆ. ಬಿಳಿಚಿಸುವ ಕ್ರೀಮುಗಳ ಜಾಹೀರಾತು ತೆಗೆದುಕೊಳ್ಳುತ್ತೀರಾ? 'ಡ್ರಮ್' ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಅಂಥ ಜಾಹೀರಾತು ಬೇಕಾದಷ್ಟಿವೆ. ಆ ಕ್ರೀಮುಗಳಿಂದ ಎಷ್ಟೋ ಹೆಂಗಸರ ಮುಖ ಕಲೆಗಟ್ಟಿ ಹಾಳಾಯಿತು. ಕೊನೆಗೆ 1990ರಲ್ಲಿ ದಕ್ಷಿಣ ಆಫ್ರಿಕಾ ಹೈಡ್ರೋಕ್ವಿನೋನ್ ಎಂಬ ಬಿಳಿಚಿಸುವ ರಾಸಾಯನಿಕ ಹಾಕಿದ ಸೌಂದರ್ಯ ಸಾಮಗ್ರಿಗಳನ್ನೇ ನಿಷೇಧಿಸಿತು. ಬಿಳಿಚಿಸುತ್ತದೆ ಎಂದು ಜಾಹೀರಾತಿನಲ್ಲಿ ಹೇಳುವುದನ್ನೂ ತಡೆಯಿತು. ನಮ್ಮಲ್ಲಿ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ತೆಗೆದದ್ದು 2020ರಲ್ಲಿ. ಈ ವಿಷಯದಲ್ಲಿ ನಾವು ಅವರಿಗೆ ಪಾಠ ಹೇಳುವ ಜಾಗದಲ್ಲಿಲ್ಲ, ಕಲಿಯುವ ಜಾಗದಲ್ಲಿದ್ದೇವೆ. ಮೊದಲ ರೇಟ್ ಕಾರ್ಡಿನಲ್ಲೇ (ಜಾಹೀರಾತು ದರಪಟ್ಟಿಯಲ್ಲೇ) 'ಬಿಳಿಚಿಸುವ ಉತ್ಪನ್ನಗಳ ಜಾಹೀರಾತು ಸ್ವೀಕರಿಸುವುದಿಲ್ಲ' ಅಂತ ಅಚ್ಚು ಹಾಕಿಸಿ. ಹಣದ ಬರ ಬಂದಾಗ ಇಂಥ ನಿರ್ಧಾರ ಮಾಡುವುದು ಕಷ್ಟ. ಮೊದಲೇ ಬರೆದಿಟ್ಟರೆ ಆಗ ಮನಸ್ಸು ಅಲುಗಾಡುವುದಿಲ್ಲ.

ಇಡೀ ಆಫ್ರಿಕಾಕ್ಕೆ ಒಂದೇ ಪತ್ರಿಕೆ ಮಾಡಬಹುದಾ ಅಂದಿರಿ. ಬೇಡ. 54 ದೇಶಗಳು. ನೈಜೀರಿಯಾದ ಲಾಗೋಸಿನಲ್ಲಿ ಮದುವೆಗೆ ಹೋಗುವ ಹೆಣ್ಣುಮಕ್ಕಳು ಎಲ್ಲರೂ ಒಂದೇ ಬಟ್ಟೆ ಕೊಂಡು ಹೊಲಿಸುವ 'ಆಸೋ ಎಬಿ' ಪದ್ಧತಿ ಇದೆ. ಅದರ ಖರ್ಚು, ಅದರ ಜಗಳ, ಅದರ ಸಡಗರ ಅಲ್ಲಿನ ಪತ್ರಿಕೆಗೆ ತೀರದ ವಸ್ತು. ನೈರೋಬಿಯವಳಿಗೆ ಅದು ದೂರದ ಸುದ್ದಿ. ಸೆನೆಗಲ್ ದೇಶದ ಡಾಕರಿನವಳು ಫ್ರೆಂಚ್ ಓದುತ್ತಾಳೆ, ಮನೆಯಲ್ಲಿ ವೋಲೋಫ್ ಮಾತಾಡುತ್ತಾಳೆ. ಗಟ್ಟಿಯಾಗಿ ನಿಂತ ಪತ್ರಿಕೆಗಳನ್ನು ನೋಡಿ, ಎಲ್ಲವೂ ಒಂದು ಊರಿನ ಮಣ್ಣಿನಲ್ಲೇ ಬೇರು ಬಿಟ್ಟವು. ಬೆಟ್ಟಿ ಇರಾಬೋರ್ 2003ರಲ್ಲಿ ಶುರು ಮಾಡಿದ 'ಜೆನೆವೀವ್' ನೈಜೀರಿಯಾದ್ದು. ನಿಮ್ಮ ನೈರೋಬಿಯಲ್ಲೇ ಯೂನಿಸ್ ಮಾಥು 1986ರಲ್ಲಿ 'ಪೇರೆಂಟ್ಸ್' ಪತ್ರಿಕೆ ತಂದರು. ಹೆಸರು ನೋಡಿ: ಬೆಡಗಿನ ಮಾತಿಲ್ಲ, ಮನೆ ಮಕ್ಕಳ ಮಾತು. ಮುಖಪುಟದಲ್ಲಿ ರೂಪದರ್ಶಿಯರ ಬದಲು ಅಲ್ಲಿನ ಗಂಡ ಹೆಂಡಿರು. ಅದರ ಹಳೆಯ ಸಂಚಿಕೆ ಎಷ್ಟು ಸಿಕ್ಕರೆ ಅಷ್ಟು ತಂದು ಓದಿ.

ಇನ್ನೂ ಹಿಂದಕ್ಕೆ ಹೋದರೆ ನನಗೆ ತುಂಬಾ ಪ್ರೀತಿಯ ಒಂದು ಪತ್ರಿಕೆ ಇದೆ. ಸೆನೆಗಲ್ ದೇಶದ ಡಾಕರಿನಲ್ಲಿ ಆನೆತ್ ಎಂಬಾಯ್ ದೆರ್ನವಿಲ್ ಎಂಬ ಪತ್ರಕರ್ತೆ 1964ರಲ್ಲಿ 'ಆವಾ' ಶುರು ಮಾಡಿದರು. ಆವಾ ಅಂದರೆ ಅಲ್ಲಿನ ರೂಢಿಯಲ್ಲಿ ಲೋಕದ ಮೊದಲ ಹೆಣ್ಣಿನ ಹೆಸರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ನಾಲ್ಕೇ ವರ್ಷ. ಅಡುಗೆ, ಉಡುಗೆಯ ಪಕ್ಕದಲ್ಲೇ ಕವಿತೆ, ಕೆಲಸಕ್ಕೆ ಹೋಗುವ ಹೆಂಗಸರ ಪರಿಚಯ, ಓದುಗರ ಪತ್ರ. ಅಚ್ಚಾಗುತ್ತಿದ್ದದ್ದೂ ಡಾಕರಿನಲ್ಲೇ. ದುಡ್ಡಿಲ್ಲದೆ ನಡುವೆ ನಿಂತಿತು, ಮತ್ತೆ ಎದ್ದಿತು, 1973ರಲ್ಲಿ ಪೂರ್ತಿ ನಿಂತಿತು. ಇವತ್ತು ಅದರ ಪುಟಗಳನ್ನು ಡಿಜಿಟಲ್ ಮಾಡಿ ಉಳಿಸಿದ್ದಾರೆ. ಫ್ರೆಂಚ್ ಬಾರದಿದ್ದರೂ ಪುಟ ತಿರುವಿ ನೋಡಿ. ಆ ಪುಟಗಳಲ್ಲಿ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಮಾತಾಡುತ್ತಿರುವುದು ಕಾಣುತ್ತದೆ. ಯಾರೋ ಮೇಲಿನಿಂದ ಬುದ್ಧಿ ಹೇಳುತ್ತಿಲ್ಲ.

ಹಾಗಾದರೆ ನಿಮ್ಮ ಪತ್ರಿಕೆ ಓದುವವಳು ಯಾರು? 'ಆಧುನಿಕ ಮಹಿಳೆ' ಅಂತ ಬರೆದಿದ್ದೀರಿ, ಅದನ್ನು ಹೊಡೆದು ಹಾಕಿ. ಒಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವತ್ತೆರಡು ವರ್ಷ. ನಗರದ ಹೊರಗಿನ ರೊಂಗೈ ಕಡೆಯಿಂದ ಮಟಾಟು (ಖಾಸಗಿ ಮಿನಿಬಸ್) ಹತ್ತಿ ನಗರಕ್ಕೆ ಕೆಲಸಕ್ಕೆ ಬರುತ್ತಾಳೆ. ಆಫೀಸಿನಲ್ಲಿ ಇಂಗ್ಲಿಷ್, ಗೆಳತಿಯರ ಜೊತೆ ಶೆಂಗ್ (ಸ್ವಾಹಿಲಿ, ಇಂಗ್ಲಿಷ್ ಬೆರೆಸಿದ ಆಡುಮಾತು), ಅಮ್ಮನ ಜೊತೆ ಕಿಕುಯು ಇಲ್ಲವೇ ಲುವೊ. ಊರಿಗೆ ತಿಂಗಳಿಗಿಷ್ಟು ಅಂತ ಎಂ-ಪೆಸಾದಲ್ಲಿ, ಅಂದರೆ ಮೊಬೈಲ್ ಮೂಲಕ, ಹಣ ಕಳಿಸುತ್ತಾಳೆ. ಬಟ್ಟೆಗೆ ಗಿಕೊಂಬಾ ಸಂತೆಗೆ ಹೋಗಿ ಮಿಟುಂಬಾ (ಹೊರದೇಶದಿಂದ ಬಂದ ಹಳೆ ಬಟ್ಟೆ) ರಾಶಿಯಲ್ಲಿ ಆರಿಸಿ, ಟೈಲರ್ ಹತ್ತಿರ ಅಳತೆಗೆ ಹೊಲಿಸಿಕೊಳ್ಳುತ್ತಾಳೆ. ಇವಳ ಮುಂದೆ ಪ್ಯಾರಿಸಿನ ಬಟ್ಟೆ ಹಿಡಿದರೆ ಏನು ಬಂತು? ಮಿಟುಂಬಾ ಕೋಟನ್ನು ಕಿಟೆಂಗೆ ಎಂಬ ಚಿತ್ತಾರದ ಹತ್ತಿ ಬಟ್ಟೆಯ ಅಂಚು ಕೊಟ್ಟು ಹೊಸದು ಮಾಡುವುದು ಹೇಗೆ ಅಂತ ತೋರಿಸಿ, ಅವಳು ಆ ಪುಟ ಕತ್ತರಿಸಿ ಇಟ್ಟುಕೊಳ್ಳುತ್ತಾಳೆ.

ಅವಳಿಗೆ ಬೇಕಾದದ್ದು ಬಟ್ಟೆ ಒಂದೇ ಅಲ್ಲ. ಕೀನ್ಯಾದ 2013ರ ವೈವಾಹಿಕ ಆಸ್ತಿ ಕಾಯ್ದೆಯಲ್ಲಿ ಮನೆಗೆಲಸ, ಮಕ್ಕಳ ಪಾಲನೆ ಕೂಡ ಹೆಂಡತಿಯ 'ಕೊಡುಗೆ' ಅಂತ ಲೆಕ್ಕಕ್ಕೆ ಬರುತ್ತದೆ. ಆದರೆ ಅರ್ಧ ಪಾಲು ತಾನಾಗಿ ಸಿಗುವುದಿಲ್ಲ, ಕೊಡುಗೆ ತೋರಿಸಬೇಕು ಅಂತ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ನಾಲ್ಕು ಪುಟದಲ್ಲಿ, ಸರಳವಾಗಿ, ಯಾವ ರಸೀದಿ ಇಟ್ಟುಕೊಳ್ಳಬೇಕು ಅನ್ನುವವರೆಗೂ ಬರೆಯಿರಿ. 2014ರ ನವೆಂಬರಿನಲ್ಲಿ ನೈರೋಬಿಯ ಹೆಂಗಸರು 'ನನ್ನ ಬಟ್ಟೆ, ನನ್ನ ಆಯ್ಕೆ' ಅಂತ ಬೀದಿಗೆ ಇಳಿದದ್ದು ನೆನಪಿಡಿ. ತುಂಡು ಬಟ್ಟೆ ಹಾಕಿದಳು ಅಂತ ಒಬ್ಬಾಕೆಯ ಬಟ್ಟೆಯನ್ನು ಗುಂಪು ಬೀದಿಯಲ್ಲೇ ಹರಿದಿತ್ತು. ಆ ಊರಿನಲ್ಲಿ ಫ್ಯಾಷನ್ ಪುಟ ಅಂದರೆ ಸುಮ್ನೆ ಚಂದದ ಮಾತಲ್ಲ.

ಕೂದಲಿನ ಬಗ್ಗೆ ನಿಮಗೊಂದು ಲೇಖನ ಕಾದಿದೆ, ಅದನ್ನು ನೀವೇ ಬರೆಯಬಹುದು. ತಿರುಪತಿಯಲ್ಲಿ ನಮ್ಮ ಮನೆಯವರು ಕೊಟ್ಟ ಮುಡಿ ಹರಾಜಾಗಿ, ಹೊರದೇಶಗಳಿಗೆ ಹೋಗಿ, ವಿಗ್ ಮತ್ತು ಕೂದಲ ಎಳೆಗಳಾಗುತ್ತದೆ. ಆಫ್ರಿಕಾದ ಸಲೂನುಗಳಲ್ಲಿ 'ಇಂಡಿಯನ್ ಹೇರ್' ಅಂತ ಕೇಳಿ ಕೊಳ್ಳುತ್ತಾರೆ. ಜಡೆಗೆ ಹೆಣೆಯುವ ಎಳೆಗಳ ದೊಡ್ಡ ಹೆಸರು 'ಡಾರ್ಲಿಂಗ್'. ಅದರ ದೊಡ್ಡ ಪಾಲನ್ನು 2011ರಲ್ಲಿ ಕೊಂಡದ್ದು ನಮ್ಮ ಗೋದ್ರೆಜ್. ಮುಡಿ ಕೊಟ್ಟ ಮನೆಯ ಮಗಳು ನೀವು, ಅದನ್ನು ಹೆಣೆಸಿಕೊಂಡ ಊರಿನಲ್ಲಿದ್ದೀರಿ. ಇಲ್ಲಿ ನಿಮ್ಮ ದನಿಗೆ ಹಕ್ಕಿದೆ. ಪೂರ್ವ ಆಫ್ರಿಕಾದ ಹೆಂಗಸರು ಉಡುವ, ಹೊದೆಯುವ ಕಾಂಗಾ ಬಟ್ಟೆಯೂ ಹಾಗೇ. ಮೊಂಬಾಸಾದ ಅಂಗಡಿಯ 'ಮಾಲಿ ಯಾ ಅಬ್ದುಲ್ಲಾ' ಮುದ್ರೆಯ ಕಾಂಗಾ ಅಲ್ಲಿ ಮನೆಮಾತು. ಆ ಅಂಗಡಿ ಇಟ್ಟದ್ದು ಭಾರತದ ಮೂಲದ ವ್ಯಾಪಾರಿ ಮನೆತನ.

ಈಗ ಹಣ. ಗುಲಾಬಿ ಬಣ್ಣದ ಲೆಕ್ಕ ಹಾಕಬೇಡಿ, ಕೆಟ್ಟ ಲೆಕ್ಕವನ್ನೇ ಹಾಕಿ. 64 ಪುಟ ಅಂದರೆ 16 ಪುಟದ ನಾಲ್ಕು ಫಾರಂ (ಒಂದೇ ದೊಡ್ಡ ಹಾಳೆ ಮಡಚಿ ಮಾಡಿದ ಪುಟಗಳ ಕಟ್ಟು). ಅದರ ಮೇಲೆ ರಕ್ಷಾಪುಟ, ಸೆಂಟರ್ ಪಿನ್. 3,000 ಪ್ರತಿ, ಪ್ರತಿಗೆ 150 ಕೀನ್ಯಾ ಶಿಲ್ಲಿಂಗ್ ಅಚ್ಚಿನ ಖರ್ಚು ಅಂತ ಇಟ್ಟುಕೊಳ್ಳಿ. ಒಟ್ಟು 4,50,000. ಮುಖಬೆಲೆ 300. ವಿತರಕರು, ಅಂಗಡಿಯವರು ಸೇರಿ ಶೇ. 40 ಹಿಡಿದರೆ ನಿಮಗೆ ಬರುವುದು 180. ಶೇ. 40 ಪ್ರತಿ ಮಾರಾಟವಾಗದೆ ವಾಪಸ್ ಬಂದರೆ ಮಾರಿದ್ದು 1,800. ಕೈಗೆ ಬಂದದ್ದು 3,24,000. ಬರೆದವರಿಗೆ, ಫೋಟೋದವರಿಗೆ ಒಂದು ಶಿಲ್ಲಿಂಗ್ ಕೊಡುವ ಮೊದಲೇ 1,26,000 ಹೋಯಿತು. ನಿಮ್ಮ ಊರಿನ ಪ್ರೆಸ್ಸಿನ ದರ ಹಾಕಿ ಈ ಲೆಕ್ಕವನ್ನು ಮತ್ತೆ ಮಾಡಿ. ಮಾರಾಟವಾಗದ ಪ್ರತಿಗಳ ಬಗ್ಗೆ ಒಂದು ಮಾತು. ನಮ್ಮ ಒಂದು ಸಂಚಿಕೆಯ ಕಟ್ಟುಗಳು ವಿತರಕರ ಗೋದಾಮಿನಿಂದ ಹಗ್ಗ ಕೂಡ ಬಿಚ್ಚದೆ ವಾಪಸ್ ಬಂದಿದ್ದವು. ಅಂಗಡಿಗೆ ಹೋಗೇ ಇರಲಿಲ್ಲ. ವಿತರಕರ ಜೊತೆ ಕರಾರು ಮಾಡುವಾಗ ಯಾವ ಅಂಗಡಿಗೆ ಎಷ್ಟು ಪ್ರತಿ ಎಂಬ ಪಟ್ಟಿ ಪ್ರತಿ ತಿಂಗಳೂ ಕೇಳಿ. ನೀವೇ ಹೋಗಿ ಹತ್ತು ಅಂಗಡಿ ನೋಡಿ ಬನ್ನಿ.

ಹಾಗಾಗಿ ಅಂಗಡಿಯನ್ನು ನಂಬಿ ಶುರು ಮಾಡಬೇಡಿ. ಅಲ್ಲಿನ ಹೆಂಗಸರಿಗೆ 'ಚಾಮಾ' ಇದೆ. ನಮ್ಮ ಚೀಟಿ ಮತ್ತು ಸ್ವಸಹಾಯ ಸಂಘ ಸೇರಿಸಿದ ಹಾಗೆ. ಹತ್ತು ಹದಿನೈದು ಜನ ತಿಂಗಳಿಗೊಮ್ಮೆ ಸೇರುತ್ತಾರೆ, ಹಣ ಕೂಡಿಸುತ್ತಾರೆ. ಒಂದು ಚಾಮಾಕ್ಕೆ ಒಂದು ಕಟ್ಟು ಚಂದಾ ಮಾರಿ. ಎಂ-ಪೆಸಾದಲ್ಲಿ ಹಣ ಮುಂಚೆಯೇ ಬರುತ್ತದೆ, ವಾಪಸ್ ಬರುವ ಪ್ರತಿ ಇಲ್ಲ. ಅಷ್ಟೇ ಅಲ್ಲ, ಹತ್ತು ಜನ ಒಂದೇ ಸಂಚಿಕೆ ಓದಿ ಚರ್ಚೆ ಮಾಡುತ್ತಾರೆ. ಮುಂದಿನ ಲೇಖನದ ವಿಷಯ ನಿಮಗೆ ಅಲ್ಲೇ ಸಿಗುತ್ತದೆ.

ಜಾಹೀರಾತು ಬೇಕೇ ಬೇಕು. ಆದರೆ ಏಜೆನ್ಸಿಯ ಹಣ ಕೈಗೆ ಬರಲು ಮೂರು ತಿಂಗಳು ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ. ಒಬ್ಬರೇ ಜಾಹೀರಾತುದಾರರು ಅರ್ಧ ಪತ್ರಿಕೆ ಹಿಡಿದುಕೊಳ್ಳಲು ಬಿಡಬೇಡಿ. ದಕ್ಷಿಣ ಆಫ್ರಿಕಾದ ಖಾನ್ಯಿ ದ್ಲೋಮೋ ಅವರ ಕಥೆ ನೋಡಿ. 1995ರಲ್ಲಿ, 22ನೇ ವಯಸ್ಸಿಗೆ 'ಟ್ರೂ ಲವ್' ಪತ್ರಿಕೆಯ ಸಂಪಾದಕಿಯಾಗಿ ಅದನ್ನು ದೊಡ್ಡದು ಮಾಡಿದವರು. 2007ರಲ್ಲಿ ಉದ್ಯಮದ ಹೆಣ್ಣುಮಕ್ಕಳಿಗಾಗಿ 'ಡೆಸ್ಟಿನಿ' ತಂದರು. ಅಷ್ಟು ಅನುಭವ, ಅಷ್ಟು ಹೆಸರು ಇದ್ದರೂ ಅವರ ಪ್ರಕಾಶನ ಸಂಸ್ಥೆ 2019ರ ಜನವರಿಯಲ್ಲಿ ಬಾಗಿಲು ಹಾಕಬೇಕಾಯಿತು. ಮರುವರ್ಷ ಕೋವಿಡ್ ಬಂದು ದಕ್ಷಿಣ ಆಫ್ರಿಕಾದಲ್ಲಿ ಪತ್ರಿಕೆಗಳು ಸಾಲುಸಾಲಾಗಿ ನಿಂತವು. 'ಡ್ರಮ್' ಕೂಡ ಅಚ್ಚು ಬಿಟ್ಟು ಪೂರ್ತಿ ಡಿಜಿಟಲ್ ಆಯಿತು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಎರಡು ವರ್ಷದ ಖರ್ಚು ಕೈಯಲ್ಲಿಲ್ಲದೆ ಇದಕ್ಕೆ ಇಳಿಯಬೇಡಿ ಅಂತ ಹೇಳುತ್ತಿದ್ದೇನೆ.

ಅಚ್ಚು, ಮೊಬೈಲ್ ಎರಡೂ ಇರಲಿ, ಆದರೆ ಬೇರೆ ಬೇರೆ ಕೆಲಸಕ್ಕೆ. ಬೇಗ ಹಳತಾಗುವುದು, ಪ್ರಶ್ನೆ ಕೇಳುವುದು, ಚಂದಾ ಕಟ್ಟುವುದು ಎಲ್ಲ ಮೊಬೈಲಿನಲ್ಲಿ. ಡೇಟಾ ದುಬಾರಿ, ಪುಟ ಹಗುರ ಇರಲಿ. ಇಟ್ಟುಕೊಂಡು ಮತ್ತೆ ಓದುವುದು, ಸಲೂನಿನಲ್ಲಿ ಕೈಯಿಂದ ಕೈಗೆ ಹೋಗುವುದು ಅಚ್ಚಿನಲ್ಲಿ. ತಿಂಗಳ ಪತ್ರಿಕೆ ಬೇಡ, ವರ್ಷಕ್ಕೆ ನಾಲ್ಕು ಸಾಕು. ವಾರದ ಕೊನೆಗೆ ದಿನಪತ್ರಿಕೆಗಳೇ ಹೆಣ್ಣುಮಕ್ಕಳ ಪುರವಣಿ ಕೊಡುತ್ತಿರುವಾಗ ವೇಗದಲ್ಲಿ ನೀವು ಗೆಲ್ಲುವುದಿಲ್ಲ. ನೋಂದಣಿ, ತೆರಿಗೆ ವಿಷಯಕ್ಕೆ ಅಲ್ಲಿನ ವಕೀಲರನ್ನೇ ಹಿಡಿಯಿರಿ.

ಇನ್ನು ಓದುಗರ ಪತ್ರದ ಅಂಕಣ. ಅದನ್ನು ಮೊದಲ ಸಂಚಿಕೆಯಿಂದಲೇ ಇಡಿ. ಉತ್ತರ ಬರೆಯುವವರ ನಿಜವಾದ ಹೆಸರು, ಫೋಟೋ ಹಾಕಿ. ವೈದ್ಯೆ ಬರೆದರೆ ವೈದ್ಯೆಯ ಹೆಸರು, ವಕೀಲೆ ಬರೆದರೆ ವಕೀಲೆಯ ಹೆಸರು. ಚಾಮಾ ನಡೆಸುವ ಅನುಭವಿ ಹೆಂಗಸೊಬ್ಬರು ಬರೆದರೆ ಇನ್ನೂ ಒಳ್ಳೆಯದು.

ಅದಕ್ಕೂ ಮೊದಲು ಒಂದು ಡಮ್ಮಿ ಸಂಚಿಕೆ ಮಾಡಿ. 32 ಪುಟ ಸಾಕು, ಇಪ್ಪತ್ತು ಪ್ರತಿ ಡಿಜಿಟಲ್ ಪ್ರಿಂಟ್ ತೆಗೆಸಿ. ಎರಡು ಚಾಮಾಗಳಿಗೆ ಕೊಟ್ಟು ಬನ್ನಿ, ನೀವು ಅಲ್ಲಿ ಕೂರಬೇಡಿ, ಗೆಳತಿ ಕೂರಲಿ. ತಿಂಗಳು ಬಿಟ್ಟು ಹೋಗಿ ಆ ಪ್ರತಿಗಳನ್ನು ವಾಪಸ್ ಕೇಳಿ. ಯಾವ ಪುಟ ಕತ್ತರಿಸಿಕೊಂಡಿದ್ದಾರೆ, ಯಾವ ಪುಟದ ಮೇಲೆ ಚಹಾ ಕಲೆ ಇದೆ, ಯಾವುದು ಪ್ರೆಸ್ಸಿನಿಂದ ಬಂದ ಹಾಗೇ ಇದೆ ಅಂತ ನೋಡಿ. ಆ ಇಪ್ಪತ್ತು ಪ್ರತಿಗಳ ಫೋಟೋ ತೆಗೆದು ನನಗೂ ಕಳಿಸಿ. ಮೊದಲ ಸಂಚಿಕೆಯ ಪುಟ ಹಂಚಿಕೆಯನ್ನು ಅದರ ಮೇಲೆ ಕೂತು ಮಾಡೋಣ.